ಹದಿನೇಳರ ಹುಡುಗ, ಹೆಬ್ಬುಲಿ ಕ್ರಾಪು ಮತ್ತು ಒಂದು ಕುರ್ಚಿ

"ಯಾರ ಥರ ಹೊಡೀಲಿ ತಮ್ಮಾ?"

ಸಲೂನಿನ ಯಜಮಾನರು ಕೇಳಿದ್ದು ಇಷ್ಟೇ. ಕುರ್ಚಿ ಮೇಲೆ ಕೂತಿದ್ದ ಹುಡುಗ ಮಾತ್ರ ಎಸ್ಸೆಸ್ಸೆಲ್ಸಿ ಗಣಿತದ ಪ್ರಶ್ನೆಪತ್ರಿಕೆ ಕೈಗೆ ಬಂದವನ ಹಾಗೆ ಉಗುಳು ನುಂಗಿದ. ಗೋಡೆ ಮೇಲೆ ಅಣ್ಣಾವ್ರಿದ್ದರು, ವಿಷ್ಣು ದಾದಾ ಇದ್ದರು, ಶಂಕರ್‌ನಾಗ್ ಇದ್ದರು, ಹೂವಿನ ಹಾರದೊಳಗಿಂದ ಅಪ್ಪು ನಗುತ್ತಿದ್ದರು. ಹುಡುಗ ಯಾರನ್ನೂ ನೋಡಲಿಲ್ಲ. ಜೇಬಿನಿಂದ ಮೊಬೈಲ್ ತೆಗೆದು ಒಂದು ಫೋಟೋ ತೋರಿಸಿದ.

"ಓ... ಹೆಬ್ಬುಲಿ!"

ಮಷಿನ್ನು ಗುರ್ ಅಂತ ಶುರುವಾಯಿತು. ಎಡಗಡೆಯ ಕೂದಲು ಸೊರ್ರನೆ ಕೆಳಗಿಳಿಯಿತು. ಇನ್ನೇನು ಬಲಗಡೆಗೆ ತಿರುಗಬೇಕು... ಕರೆಂಟು ಹೋಯಿತು!

ಸ್ಥಳ, ತುಂಗಭದ್ರೆಯ ಕಡೆಯ ಒಂದು ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಎದುರು. ನನ್ನ ಬಸ್ಸು ತಪ್ಪಿತ್ತು, ಮುಂದಿನದಕ್ಕೆ ಒಂದೂವರೆ ತಾಸು ಬಾಕಿ. ಗಡ್ಡವನ್ನಾದರೂ ತೆಗೆಸೋಣ ಎಂದು ಸಲೂನು ಹೊಕ್ಕಿದ್ದೆ. ಅಲ್ಲಿ ಈ ಅರ್ಧ ತಲೆಯ ಹುಡುಗ! ಎಡಕ್ಕೆ ಸುದೀಪ್, ಬಲಕ್ಕೆ ತಾನೇ. ಹೊರಗೆ ಹೋಗುವಂತಿಲ್ಲ, ಒಳಗೆ ಕೂರುವುದಕ್ಕೂ ನಾಚಿಕೆ. ಟವೆಲನ್ನು ತಲೆ ಮೇಲೆ ಎಳೆದುಕೊಂಡು ಬೆಂಚಿಗೆ ಬಂದು ನನ್ನ ಪಕ್ಕ ಕೂತ. ಯಜಮಾನರು ಮೂರು ಚಹಾ ಹೇಳಿದರು. ಹಾಗೆ ಶುರುವಾದದ್ದು ನಮ್ಮ ಮಾತು.

ಪಿಯುಸಿ ಮೊದಲ ವರ್ಷ, ಆರ್ಟ್ಸು. ಸರ್ಕಾರಿ ಹಾಸ್ಟೆಲ್ಲು. ವಯಸ್ಸು ಹದಿನೇಳು. ಊರು ಇಪ್ಪತ್ತು ಕಿಲೋಮೀಟರ್ ಆಚೆಯ ಒಂದು ಹಳ್ಳಿ. ಹೆಸರು ಬರೆಯಬೇಡಿ ಎಂದ, ಬರೆಯುವುದಿಲ್ಲ.

ಕನ್ನಡಿ ಮುಂದಿನ ಹೀರೋಗಳು

ಚಿತ್ರರಸಿಕ ಮಿತ್ರರೇ, ಒಪ್ಪಿಕೊಂಡುಬಿಡಿ. ಹೀರೋ ಥರ ತಲೆ ಬಾಚಿಕೊಳ್ಳದೆ ದೊಡ್ಡವನಾದ ಗಂಡಸು ಕರ್ನಾಟಕದಲ್ಲಿ ಸಿಕ್ಕುವುದು ಕಷ್ಟ! ನಮ್ಮ ಅಪ್ಪಂದಿರು 1972ರಲ್ಲಿ 'ನಾಗರಹಾವು' ನೋಡಿ ಬಂದು ಕೂದಲು ಬಿಟ್ಟರು, ಬೆಲ್‌ಬಾಟಂ ಹೊಲಿಸಿದರು. 1987ರಲ್ಲಿ 'ಪ್ರೇಮಲೋಕ' ಬಂದಾಗ ರವಿಚಂದ್ರನ್ ಹಾಕಿದಂಥ ಜಾಕೆಟ್ಟು ಸಿಕ್ಕೀತೇ ಎಂದು ಅಂಗಡಿ ಅಂಗಡಿ ಅಲೆದವರಿದ್ದಾರೆ. 1995ರಲ್ಲಿ 'ಓಂ', 2005ರಲ್ಲಿ 'ಜೋಗಿ'... ಎರಡು ಸಲವೂ ಶಿವಣ್ಣನನ್ನು ನೋಡಿ ಕೂದಲು ಬೆಳೆಸಿದ ಮಕ್ಕಳಿಗೆ ಮನೆಯಲ್ಲಿ ಬೈಗುಳದ ಸುರಿಮಳೆ. 2018ರ ಡಿಸೆಂಬರ್‌ನಲ್ಲಿ 'ಕೆಜಿಎಫ್' ಬಂದದ್ದೇ ತಡ, ಮೀಸೆ ಚಿಗುರದ ಹುಡುಗರೂ ಗಡ್ಡಕ್ಕೆ ಎಣ್ಣೆ ತಿಕ್ಕತೊಡಗಿದರು!

ಹೆಬ್ಬುಲಿಯ ಕತೆ ಇನ್ನೂ ಸ್ವಾರಸ್ಯ. ಎಸ್. ಕೃಷ್ಣ ನಿರ್ದೇಶನದ 'ಹೆಬ್ಬುಲಿ' ತೆರೆಗೆ ಬಂದದ್ದು 2017ರ ಫೆಬ್ರವರಿಯಲ್ಲಿ. ಸುದೀಪ್ ಅದರಲ್ಲಿ ಸೈನ್ಯದ ಕಮಾಂಡೋ. ಪಕ್ಕಗಳಲ್ಲಿ ಪೂರ್ತಿ ಸಣ್ಣ, ನೆತ್ತಿಯ ಮೇಲೆ ಮಾತ್ರ ಕೂದಲು. ಸಿನಿಮಾ ಥಿಯೇಟರಿನಿಂದ ಹೋಯಿತು, ಕ್ರಾಪು ಮಾತ್ರ ಊರಲ್ಲೇ ಉಳಿಯಿತು. ಎಷ್ಟರ ಮಟ್ಟಿಗೆಂದರೆ, 2023ರಲ್ಲಿ ಬಾಗಲಕೋಟೆ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರು ಊರಿನ ಸಲೂನಿನವರಿಗೆ ಪತ್ರ ಬರೆದರು. ನಮ್ಮ ಶಾಲೆ ಮಕ್ಕಳಿಗೆ ದಯವಿಟ್ಟು ಹೆಬ್ಬುಲಿ ಕಟಿಂಗ್ ಮಾಡಬೇಡಿ ಎಂದು! ಪತ್ರ ಪತ್ರಿಕೆಗಳಲ್ಲಿ ಬಂತು, ಜನ ನಕ್ಕರು. ಕೆಲವರು ಮೇಷ್ಟ್ರು ಸರಿ ಎಂದರು, ಕೆಲವರು ಹುಡುಗರು ಸರಿ ಎಂದರು.

ನಮ್ಮ ಟವೆಲ್ ಹುಡುಗನಿಗೆ ಈ ಸುದ್ದಿ ಗೊತ್ತಿತ್ತು. "ಆವಾಗ ನಾ ಹೈಸ್ಕೂಲಿನ್ಯಾಗ ಇದ್ದೆ ಅಣ್ಣಾ. ನಮ್ಮ ಸಾಲ್ಯಾಗೂ ಹಂಗ ಬೈತಿದ್ರು. ಆದ್ರ ನನಗ ಬೈಸ್ಕೊಳ್ಳೋ ಭಾಗ್ಯ ಇರ್ಲಿಲ್ಲ ಬಿಡ್ರಿ."

ಅದೇನಪ್ಪಾ ಹಾಗಂದರೆ, ಎಂದೆ. ಅವನು ಚಹಾ ಕಡೆ ನೋಡಿದ. ಉತ್ತರ ಆಗಲೇ ಬರಲಿಲ್ಲ.

ಒಬ್ಬನೇ ಹುಡುಗ, ನಾಲ್ಕು ವೇಷ

"ನಾ ಯಾರಂತ ನನಗ ಗೊತ್ತಾಗಂಗಿಲ್ರೀ ಒಮ್ಮೊಮ್ಮೆ" ಎಂದು ಆಮೇಲೆ ತಾನೇ ಶುರು ಮಾಡಿದ. ಅವನ ಮಾತನ್ನು ನೆನಪಿದ್ದಷ್ಟು ಹಾಗೇ ಕೊಡುತ್ತೇನೆ.

"ಮನ್ಯಾಗ ಅವ್ವನ ಮುಂದ ನಾ ಭಾಳ ಶಾಣ್ಯಾ. ಕಾಲೇಜಿನ್ಯಾಗ ಮೂಕ. ಇಂಗ್ಲಿಷ್ ಸರ್ ಎಬ್ಬಿಸಿ ಕೇಳಿದ್ರ ಬಾಯಿ ಒಣಗತೈತಿ. ಹಾಸ್ಟೆಲ್‌ನ್ಯಾಗ ದೊಡ್ಡ ದನಿ ನಂದ, ಎಲ್ಲಾರಿಗಿಂತ ಜೋರು ಸೀಟಿ ಹೊಡೀತೀನಿ. ಮೊಬೈಲ್‌ನ್ಯಾಗ ಮತ್ತೊಬ್ಬ. ಕನ್ನಡಕ ಹಾಕ್ಕೊಂಡು, ಬ್ಯಾರೇದವ್ರ ಬೈಕಿಗೆ ಒರಗಿ ನಿಂತು ಫೋಟೋ. ಈ ನಾಕು ಮಂದಿ ಒಂದ ಕಡೆ ಕುಂತ್ರ ಒಬ್ಬರಿಗೊಬ್ಬರು ಗುರುತು ಹಿಡಿಯಂಗಿಲ್ರೀ!"

ನಾನು ನಕ್ಕೆ. ಅವನು ನಗಲಿಲ್ಲ.

ಹಾಸ್ಟೆಲ್ಲಿನಲ್ಲಿ ಗ್ಯಾಂಗುಗಳಂತೆ. ಒಂದು ಕಿಚ್ಚನದು, ಒಂದು ಡಿ ಬಾಸ್‌ದು, ಒಂದು ಯಶ್‌ದು. ಹೊಸ ಹುಡುಗ ಬಂದ ದಿನವೇ ಕೇಳುತ್ತಾರೆ, ನೀ ಯಾರ ಕಡೆಯವ? ಉತ್ತರ ಕೊಡದವನಿಗೆ ಊಟದ ಸಾಲಿನಲ್ಲಿ ಜಾಗವಿಲ್ಲ, ಕ್ರಿಕೆಟ್ಟಿನಲ್ಲಿ ಬ್ಯಾಟಿಂಗ್ ಇಲ್ಲ. ಇವನ ಕೋಣೆಯ ಐವರೂ ಕಿಚ್ಚನ ಕಡೆ. ಇವನೂ ಕಿಚ್ಚನ ಕಡೆ.

"ಸುದೀಪಣ್ಣ ನನಗೂ ಸೇರ್ತಾರ್ರೀ. ಸುಳ್ಳಲ್ಲ. ಆದ್ರ..." ಎಂದು ದನಿ ಇಳಿಸಿದ. "ಯಾರಿಗೂ ಹೇಳಬ್ಯಾಡ್ರಿ ಅಣ್ಣಾ. ನನಗ ಖರೇ ಇಷ್ಟದ ಪಿಚ್ಚರ್ 'ಕಸ್ತೂರಿ ನಿವಾಸ'. ಅವ್ವನ ಕೂಡ ಟಿವಿಯಾಗ ನೋಡಿದ್ದೆ. ಪಾರಿವಾಳದ ಸೀನಿಗೆ ಅತ್ತುಬಿಟ್ಟಿದ್ದೆ. ಹಾಸ್ಟೆಲ್‌ನ್ಯಾಗ ಇದನ್ನ ಹೇಳಿದ್ರ ಮುಗೀತ್ರೀ ನನ್ನ ಕತಿ. ಮುದುಕ ಅಂತ ಹೆಸರಿಡ್ತಾರ."

ನೋಡಿ ಮಿತ್ರರೇ! 1971ರ ಸಿನಿಮಾ. ಈ ಹುಡುಗನ ತಂದೆಯೂ ಆಗ ಹುಟ್ಟಿರಲಿಕ್ಕಿಲ್ಲ. ಅಂಥ ಚಿತ್ರವನ್ನು ಒಬ್ಬ ಹದಿನೇಳರವನು ಕಳ್ಳಮಾಲಿನ ಹಾಗೆ ಎದೆಯಲ್ಲಿ ಬಚ್ಚಿಟ್ಟುಕೊಂಡು ತಿರುಗುತ್ತಿದ್ದಾನೆ. ಯಾಕೆ? ಗುಂಪಿನಿಂದ ಹೊರಗೆ ಬಿದ್ದೇನೆಂಬ ಭಯ.

ನನಗೆ ನಗು ಬರಲಿಲ್ಲ, ಯಾಕೆಂದರೆ ಆ ಭಯ ನನಗೂ ಗೊತ್ತು. ನಾನೂ ಪಿಯುಸಿ ಅರ್ಧಕ್ಕೇ ಬಿಟ್ಟವನು. ಯಾಕಪ್ಪಾ ಬಿಟ್ಟೆ ಎಂದವರಿಗೆಲ್ಲ 'ಮನೆ ಪರಿಸ್ಥಿತಿ' ಎಂದು ಹೇಳಿಕೊಂಡು ಬಂದಿದ್ದೇನೆ. ಅರ್ಧ ನಿಜ. ಇನ್ನರ್ಧ ಏನೆಂದರೆ, ಕ್ಲಾಸಿನಲ್ಲಿ ಎದ್ದು ನಿಂತು ಇಂಗ್ಲಿಷಿನಲ್ಲಿ ಎರಡು ವಾಕ್ಯ ಹೇಳಲಾಗದೆ ಎಲ್ಲರೂ ನಕ್ಕಾಗ, ನಾನು ಓದದೇ ಇರುವವನು, ಬೇಕೆಂದೇ ಓದದವನು ಎಂದು ತೋರಿಸಿಕೊಳ್ಳತೊಡಗಿದೆ. ಹಿಂದಿನ ಬೆಂಚಿನ ಗ್ಯಾಂಗು ಶಹಬ್ಬಾಸ್ ಎಂದಿತು. ಆ ಶಹಬ್ಬಾಸ್‌ಗಿರಿಯ ಬೆಲೆ ಎಷ್ಟೆಂದು ಗೊತ್ತಾಗುವಷ್ಟರಲ್ಲಿ ಪರೀಕ್ಷೆ ಮುಗಿದಿತ್ತು.

ರಾಮಾಚಾರಿಗೆ ಹೆಸರಿಟ್ಟವರು ಯಾರು?

ಇಲ್ಲಿ ನಮ್ಮ ರಾಮಾಚಾರಿ ನೆನಪಾಗುತ್ತಾನೆ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ ಮಾಡಿದ 'ನಾಗರಹಾವು'. ಸಂಪತ್ ಕುಮಾರ್ ಎಂಬ ಹುಡುಗ ವಿಷ್ಣುವರ್ಧನ್ ಆದ ಚಿತ್ರ. ಜಲೀಲನಾಗಿ ಅಂಬರೀಷ್ ಮೊದಲ ಬಾರಿಗೆ ತೆರೆಗೆ ಬಂದದ್ದೂ ಅಲ್ಲೇ. ಹೊಸ ತಂತ್ರಜ್ಞಾನದ ಮೆರುಗಿನೊಂದಿಗೆ 2018ರ ಜುಲೈನಲ್ಲಿ ಅದು ಮತ್ತೆ ಬಿಡುಗಡೆಯಾದಾಗ ಅಪ್ಪಂದಿರು ಮಕ್ಕಳನ್ನು ಕರೆದುಕೊಂಡು ಹೋಗಿ ಸೀಟಿ ಹೊಡೆದರು.

ನಾವು ಆ ಚಿತ್ರವನ್ನು ಸಿಟ್ಟಿನ ಹುಡುಗನ ಕತೆ ಎಂದು ನೋಡುತ್ತೇವೆ. ಇನ್ನೊಮ್ಮೆ ನೋಡಿ. ಕಾಪಿ ಹೊಡೆದು ಸಿಕ್ಕಿಬಿದ್ದ ಕಾಲೇಜು ಹುಡುಗ ಅವನು. ಪ್ರಿನ್ಸಿಪಾಲರು ಕಾಲೇಜಿನಿಂದ ಹೊರಗೆ ಹಾಕಿದರು. ರಾತ್ರಿ ಹೋಗಿ ಅವರನ್ನು ಕಂಬಕ್ಕೆ ಕಟ್ಟಿದ. ತಪ್ಪೇ, ಯಾರು ಅಲ್ಲವೆಂದರು? ಆದರೆ ಅಲ್ಲಿಂದ ಮುಂದೆ ಊರಿಗೆ ಊರೇ ಅವನನ್ನು ಹಾವು ಹಾವು ಎಂದಿತು, ಅವನು ಹೆಡೆ ಎತ್ತುತ್ತಾ ಹೋದ. ಹಾವು ಎಂದವರ ಮುಂದೆ ಹಾವಾಗಿಯೇ ಇದ್ದರೆ ಒಂದು ಮರ್ಯಾದೆ, ಇಲ್ಲದಿದ್ದರೆ ಹೆದರಿದ ಎನ್ನುತ್ತಾರೆ. ಚಾಮಯ್ಯ ಮೇಷ್ಟ್ರು ಒಬ್ಬರೇ ಅವನನ್ನು ಬೇರೆ ಹೆಸರಿನಿಂದ ಕರೆದವರು. ಅವರ ಪಾಲಿಗೆ ಅವನು ಮಗ. ಆದರೆ ಅಲಮೇಲುವನ್ನು ಬಿಟ್ಟುಕೊಡು ಎಂದಾಗ, ಮಾರ್ಗರೆಟ್ ಬೇಡ ಎಂದಾಗ, ಆ ಮೇಷ್ಟ್ರ ಬಾಯಲ್ಲೂ ಬಂದದ್ದು ಜಾತಿ, ಸಮಾಜ, ಜನ ಏನೆಂದಾರು ಎಂಬ ಮಾತೇ. ಮೇಷ್ಟ್ರನ್ನು ನುಂಗಿದ ಬೆಟ್ಟ ಶಿಷ್ಯನನ್ನೂ ನುಂಗಿತು. ಕೆ.ಎಸ್. ಅಶ್ವಥ್ ಆ ಪಾತ್ರವನ್ನು ಎಷ್ಟು ಪ್ರೀತಿಯಿಂದ ಮಾಡಿದ್ದಾರೆಂದರೆ, ತಪ್ಪು ಯಾರದೆಂದು ಇವತ್ತಿಗೂ ನಾವು ವಾದ ಮಾಡುತ್ತಿದ್ದೇವೆ!

ಇದನ್ನೆಲ್ಲ ಹೇಳಿದಾಗ ಹುಡುಗ ಅಂದ, "ರಾಮಾಚಾರಿಗೆ ಬೈದ್ರೂ ಮೇಷ್ಟ್ರು ಮನಿ ಒಳಗ ಕರಕೊಂತಿದ್ರಲ್ರೀ."

ಆ ಮಾತಿನಲ್ಲಿ ಏನೋ ಇತ್ತು. ಚಹಾದ ಲೋಟ ಕೆಳಗಿಟ್ಟೆ.

ಬೇವಿನ ಮರದ ಕೆಳಗಿನ ಸಲೂನು

"ನಮ್ಮೂರಾಗ ಎರಡು ಕಟಿಂಗ್ ಶಾಪ್ ಅದಾವ್ರಿ" ಎಂದ. "ದೊಡ್ಡ ಕನ್ನಡಿ, ತಿರುಗೋ ಕುರ್ಚಿ. ಹಾದು ಹೋಗ್ವಾಗ ನೋಡ್ತಿದ್ದೆ. ಒಳಗ ಹೋಗಿಲ್ಲ. ನಮ್ಮ ಓಣ್ಯಾಗಿನವ್ರಿಗೆ ಅಲ್ಲಿ ಮಾಡಂಗಿಲ್ಲ. ಒಮ್ಮೆ ಆರನೇತ್ತ ಇದ್ದಾಗ ದೋಸ್ತನ ಕೂಡ ಹೋಗಿ ನಿಂತಿದ್ದೆ. ಅವನ ಪಾಳಿ ಬಂತು. ನನ್ನ ಪಾಳಿ ಬಂದಾಗ ಅಂಗಡಿ ಬಂದ್ ಐತಿ ಅಂದ್ರು. ಹಿಂದ ಇನ್ನೂ ಇಬ್ಬರು ಕುಂತಿದ್ರು."

ಅವರ ಓಣಿಯ ಗಂಡಸರ ತಲೆಯನ್ನೆಲ್ಲ ಅವನ ಕಾಕಾನೇ ಬೇವಿನ ಮರದ ಕೆಳಗೆ ಕಲ್ಲಿನ ಮೇಲೆ ಕೂರಿಸಿ ಕತ್ತರಿಸುವುದು. ಕಾಕಾಗೆ ಬರುವುದು ಒಂದೇ ಕ್ರಾಪು. ಶಾಲೆಯಲ್ಲಿ ಹುಡುಗರ ಸಾಲಿನಲ್ಲಿ ನಿಂತರೆ, ಯಾರು ಯಾವ ಓಣಿಯವನೆಂದು ಹಿಂದಿನಿಂದ ತಲೆ ನೋಡಿಯೇ ಹೇಳಬಹುದಾಗಿತ್ತಂತೆ.

ಈಗ ಗೊತ್ತಾಯಿತಲ್ಲ, ಬೈಸಿಕೊಳ್ಳುವ ಭಾಗ್ಯ ಇರಲಿಲ್ಲ ಎಂದದ್ದು ಯಾಕೆಂದು. ಹೆಬ್ಬುಲಿ ಕಟಿಂಗ್ ಬೇಡ ಎಂದು ಮೇಷ್ಟ್ರು ಗದರಬೇಕಾದರೆ ಮೊದಲು ಆ ಕಟಿಂಗ್ ಮಾಡುವವರು ಬೇಕಲ್ಲ!

ಇದು ಈ ಒಬ್ಬ ಹುಡುಗನ ಊರಿನ ಮಾತಲ್ಲ. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ ತೆಗೆದುಹಾಕಿದೆ. ಜಾತಿ ನೋಡಿ ಅಂಗಡಿಯಲ್ಲಿ ಸೇವೆ ನಿರಾಕರಿಸುವುದು 1955ರ ಕಾಯಿದೆಯ ಪ್ರಕಾರವೇ ಅಪರಾಧ, 1989ರಲ್ಲಿ ಅದಕ್ಕಿಂತ ಬಿಗಿಯಾದ ಕಾಯಿದೆಯೂ ಬಂತು. ಆದರೂ 2024ರ ಆಗಸ್ಟ್‌ನಲ್ಲಿ ಕೊಪ್ಪಳ ಜಿಲ್ಲೆಯ ಯಲಬುರ್ಗಾ ತಾಲ್ಲೂಕಿನ ಹಳ್ಳಿಯೊಂದರಲ್ಲಿ, ಕ್ಷೌರದ ವಿಚಾರಕ್ಕೆ ಶುರುವಾದ ಜಗಳದಲ್ಲಿ ಒಬ್ಬ ದಲಿತ ಯುವಕನ ಪ್ರಾಣವೇ ಹೋಯಿತೆಂಬ ಸುದ್ದಿ ಓದಿದೆವು. ಕೂದಲಿಗೆ ಪ್ರಾಣ! ಯಾವ ಚಿತ್ರಕತೆ ಬರೆಯುವವನೂ ಇದನ್ನು ಬರೆದರೆ ಅತಿಯಾಯಿತು ಎಂದೇವು.

ಸಲೂನಿನ ಯಜಮಾನರು ಅಲ್ಲಿಯವರೆಗೆ ಕತ್ತರಿ ಒರೆಸುತ್ತಾ ಸುಮ್ಮನೆ ಕೇಳುತ್ತಿದ್ದರು. ಈಗ ಅವರೂ ಬಾಯಿಬಿಟ್ಟರು. "ಹಳ್ಳಿಯಾಗ ಅಂಗಡಿ ಇಟ್ಟಾವನ ಪಾಡೂ ಕೇಳ್ರಿ. ಇವ್ರಿಗೆ ಮಾಡಿದ್ರ ದೊಡ್ಡೋರು ಬರಂಗಿಲ್ಲ ಅಂತಾರ. ಅವ್ರು ಬರ್ಲಿಲ್ಲಂದ್ರ ಹೊಟ್ಟಿಗೆ ಏನು? ಹಂಗಂತ ನಮಗೇನು ಮರ್ಯಾದಿ ಐತೇನು? ಬೆಳಿಗ್ಗೆ ಎದ್ದ ಕೂಡ್ಲೆ ನಮ್ಮ ಮುಖ ನೋಡಬಾರದು ಅನ್ನೋ ಮಂದಿ ಅವ್ರು. ನಾ ಅದಕ್ಕ ಊರು ಬಿಟ್ಟು ಇಲ್ಲಿ ಅಂಗಡಿ ಇಟ್ಟೆ. ಇಲ್ಲಿ ರೊಕ್ಕ ಕೊಟ್ಟಾವ ಗಿರಾಕಿ. ಅಷ್ಟ."

ಹುಡುಗ ಅವರನ್ನೇ ನೋಡುತ್ತಿದ್ದ. ಅಂಗಡಿ ಬಂದ್ ಎಂದವನ ಮೇಲೆ ಇಷ್ಟು ವರ್ಷ ಇಟ್ಟುಕೊಂಡಿದ್ದ ಸಿಟ್ಟನ್ನು ಈಗ ಎಲ್ಲಿಡುವುದೆಂದು ತಿಳಿಯದವನ ಹಾಗೆ.

ಬೆಳ್ಳಿತೆರೆಯೂ ಈ ಕತೆ ಹೇಳಿದೆ

ಸಿನಿಮಾ ಬರೀ ಕ್ರಾಪು ಕೊಟ್ಟು ಕೈತೊಳೆದುಕೊಂಡಿಲ್ಲ, ಅದನ್ನೂ ಹೇಳಬೇಕು. 2013ರಲ್ಲಿ ಮರಾಠಿಯ ನಾಗರಾಜ ಮಂಜುಳೆ 'ಫಂಡ್ರಿ' ಮಾಡಿದರು. ಜೀನ್ಸ್ ಪ್ಯಾಂಟು ಹಾಕಬೇಕು, ತರಗತಿಯ ಹುಡುಗಿಯ ಕಣ್ಣಿಗೆ ಬೀಳಬೇಕು ಎಂದು ಕನಸು ಕಾಣುವ ಜಬ್ಯಾ, ಅವಳ ಕಣ್ಣೆದುರೇ ಊರಿನ ಹಂದಿ ಹಿಡಿಯಬೇಕಾಗಿ ಬರುವ ಕತೆ. ಕೊನೆಗೆ ಅವನು ಎಸೆದ ಕಲ್ಲು ನೇರವಾಗಿ ನಮ್ಮ ಮುಖಕ್ಕೇ ಬರುತ್ತದೆ.

ಕನ್ನಡದಲ್ಲೂ 2025ರ ಜುಲೈನಲ್ಲಿ ಒಂದು ಚಿತ್ರ ಬಂತು. ಹೆಸರೇ 'ಹೆಬ್ಬುಲಿ ಕಟ್'! ಭೀಮರಾವ್ ನಿರ್ದೇಶನ. ಹೆಬ್ಬುಲಿ ಕಟಿಂಗ್ ಮಾಡಿಸಿಕೊಳ್ಳಬೇಕೆಂಬ ಹಳ್ಳಿ ಹುಡುಗನ ಆಸೆಗೆ ಜಾತಿ ಅಡ್ಡ ಬರುವ ಕತೆ. ಭಾರೀ ಸ್ಟಾರಿಲ್ಲ, ಫೈಟಿಲ್ಲ. ನೋಡದಿದ್ದವರು ನೋಡಿ. ನಮ್ಮ ಹುಡುಗ ನೋಡಿರಲಿಲ್ಲ. ಕತೆ ಹೇಳಿದೆ. "ಇದು ನಂದ ಕತಿ ಅಲ್ರೀ!" ಎಂದ. ಟವೆಲ್ಲು ತಲೆಯಿಂದ ಜಾರಿತು, ಎತ್ತಿಕೊಳ್ಳಲಿಲ್ಲ.

ಹೀರೋಗಳ ಅಸಲಿ ತಲೆ

ಇನ್ನೊಂದು ಗುಟ್ಟು ಹೇಳಿದೆ ಅವನಿಗೆ, ನಿಮಗೂ ಹೇಳುತ್ತೇನೆ. ನಾವು ಯಾರ ಕ್ರಾಪು ನೋಡಿ ನಮ್ಮ ತಲೆ ಬಾಚಿಕೊಂಡೆವೋ, ಅವರ ತಲೆಯ ಕತೆ ಏನು?

ಗಾಜನೂರಿನ ಮುತ್ತುರಾಜ 1954ರ 'ಬೇಡರ ಕಣ್ಣಪ್ಪ'ದಲ್ಲಿ ರಾಜ್‌ಕುಮಾರ್ ಆದರು. ಓದಿದ್ದು ಪ್ರೈಮರಿಯ ಕೆಲವು ತರಗತಿ. ತೆರೆಯ ಮೇಲೆ ರಾಜ, ಸಿಐಡಿ, ಪ್ರೊಫೆಸರು ಎಲ್ಲ ಆದರು. ತೆರೆಯಿಂದ ಇಳಿದರೆ ಬಿಳಿ ಪಂಚೆ, ಬಿಳಿ ಶರ್ಟು, ವಿಗ್ ಇಲ್ಲದ ತಲೆ. ಹಾಗೇ ಸಭೆಗೆ ಬಂದು ಅಭಿಮಾನಿ ದೇವರುಗಳೇ ಎಂದು ಕೈಮುಗಿದರು. ಅಭಿಮಾನ ಒಂದು ಗುಲಗಂಜಿಯಷ್ಟೂ ಕಮ್ಮಿಯಾಗಲಿಲ್ಲ.

ಬೆಂಗಳೂರಿನ ಬಸ್ ಕಂಡಕ್ಟರ್ ಶಿವಾಜಿರಾವ್ 1975ರಲ್ಲಿ ರಜನೀಕಾಂತ್ ಆದರು. ಮಾರನೇ ವರ್ಷ ನಮ್ಮ ಪುಟ್ಟಣ್ಣನವರ 'ಕಥಾಸಂಗಮ'ದಲ್ಲೂ ಕಾಣಿಸಿಕೊಂಡರು. ಹಣೆಯ ಮೇಲೆ ಕೂದಲು ಹಾರಿಸುವ ಅವರ ಸ್ಟೈಲಿಗೆ ದೇಶ ಹುಚ್ಚಾಯಿತು. ಆ ಮನುಷ್ಯ ಕ್ಯಾಮೆರಾ ಇಲ್ಲದ ಕಡೆ ಬೋಳು ತಲೆ, ಬಿಳಿ ಗಡ್ಡ. ಮುಚ್ಚುಮರೆಯೇ ಇಲ್ಲ!

ಇನ್ನು ನರಸಿಂಹರಾಜು. ಉಬ್ಬುಹಲ್ಲು. ಬೇರೆ ಯಾರಾದರೂ ಆಗಿದ್ದರೆ ಬಾಯಿಗೆ ಕೈ ಅಡ್ಡ ಹಿಡಿದು ಬದುಕು ಮುಗಿಸುತ್ತಿದ್ದರು. ಅವರು ಅದೇ ಹಲ್ಲು ತೋರಿಸಿ ನಾಡನ್ನೇ ನಗಿಸಿದರು. ಅವರಿದ್ದರೇನೇ ಪಿಕ್ಚರ್ ಓಡುತ್ತದೆ ಎಂದು ಹಂಚಿಕೆದಾರರು ಹೇಳುವ ಕಾಲವಿತ್ತು.

ಇವರೂ ವೇಷ ಹಾಕಿದರು ಮಿತ್ರರೇ, ಕೆಲವರು ಹೆಸರೂ ಬದಲಿಸಿದರು. ಆದರೆ ಪ್ಯಾಕಪ್ ಆದ ಮೇಲೆ ಬಣ್ಣ ತೊಳೆದು ಮನೆಗೆ ಹೋದರು. ಬಣ್ಣದಲ್ಲೇ ಊಟ ಮಾಡಿ ಬಣ್ಣದಲ್ಲೇ ಮಲಗುವವರು ನಾವು, ಅಭಿಮಾನಿಗಳು.

ಹುಡುಗ ಬಹಳ ಹೊತ್ತು ಯೋಚಿಸಿದ. ಆಮೇಲೆ ಕೇಳಿದ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. "ಅವ್ರು ಬಣ್ಣ ತೊಳಕೊಂಡ್ರೂ ರಾಜ್‌ಕುಮಾರ್ ಅಣ್ಣಾ. ನಾ ತೊಳಕೊಂಡ್ರ ಆ ಓಣಿಯಾವ. ಅದಕ್ಕ ನನಗ ವೇಷ ಬೇಕ್ರೀ."

ಕರೆಂಟು ಬಂತು!

ಫ್ಯಾನು ತಿರುಗಿತು. ಯಜಮಾನರು ಬಟ್ಟೆ ಕೊಡವಿ ಕುರ್ಚಿ ತೋರಿಸಿದರು. "ಬಾ ತಮ್ಮಾ. ಹೆಬ್ಬುಲಿನ ಅಲ್ಲಾ? ಇಲ್ಲಾ ಬ್ಯಾರೆ ಮಾಡ್ಲೇನು?"

ನಾನು ಆಸೆಪಟ್ಟೆ, ಸುಳ್ಳೇಕೆ ಹೇಳಲಿ. ಇಷ್ಟು ಮಾತಾದ ಮೇಲೆ ಹುಡುಗ 'ಯಾರ ಥರಾನೂ ಬೇಡ, ನನ್ನ ಥರ ಮಾಡಿ' ಎಂದಾನು, ಲೇಖನಕ್ಕೆ ಒಳ್ಳೇ ಕ್ಲೈಮ್ಯಾಕ್ಸ್ ಸಿಕ್ಕೀತು ಎಂದು! ಹುಡುಗ ನನ್ನ ಕ್ಲೈಮ್ಯಾಕ್ಸಿಗೆ ಸೊಪ್ಪು ಹಾಕಲಿಲ್ಲ.

"ಹೆಬ್ಬುಲಿನ ಮಾಡ್ರಿ" ಎಂದ, ಗಟ್ಟಿಯಾಗಿ.

ಬಲಗಡೆಯೂ ಮುಗಿಯಿತು. ಯಜಮಾನರು ಹಿಂದಿನಿಂದ ಸಣ್ಣ ಕನ್ನಡಿ ಹಿಡಿದು ತೋರಿಸಿದರು. ಹುಡುಗ ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡ. ದುಡ್ಡು ಕೊಟ್ಟ. ಕುರ್ಚಿಯಿಂದ ಮಾತ್ರ ಕೂಡಲೇ ಏಳಲಿಲ್ಲ. ಎರಡೂ ಕೈಗಳ ಮೇಲೆ ಕೈಯಿಟ್ಟು, ಕಾಲಿನಿಂದ ನೆಲ ಒತ್ತಿ, ಒಂದು ಸುತ್ತು ತಿರುಗಿದ. ಗಿರಾಕಿ ಕಾಯುತ್ತಿದ್ದರೂ ಯಜಮಾನರು ಏಳು ಎನ್ನಲಿಲ್ಲ.

ಹೊರಗೆ ಬಂದ ಮೇಲೆ ಹೇಳಿದ, "ಕ್ರಾಪು ನಾಕು ವಾರಕ್ಕ ಬೆಳದು ಹೋಗ್ತದ್ರೀ. ಕುರ್ಚಿ ಮ್ಯಾಲ ಕುಂತಿದ್ದು ಉಳೀತದ."

ನನ್ನ ಬಸ್ಸು ಬಂತು. ಹತ್ತುವಾಗ ಕೂಗಿ ಕೇಳಿದೆ, "ಹಾಸ್ಟೆಲ್ಲಿನಲ್ಲಿ 'ಕಸ್ತೂರಿ ನಿವಾಸ' ವಿಷಯ ಹೇಳ್ತೀಯಾ?"

"ಮೊದ್ಲು ಕ್ರಾಪು ತೋರಸ್ತೀನಿ. ಆಮ್ಯಾಲ ನೋಡೂಣ್ರಿ!"

ಓದುಗ ಮಿತ್ರರೇ, ನಿಮ್ಮ ಕೋಣೆಯಲ್ಲಿ, ನಿಮ್ಮ ಅಭಿಮಾನಿ ಸಂಘದಲ್ಲಿ, ನಿಮ್ಮ ಊಟದ ಸಾಲಿನಲ್ಲಿ ಇಂಥ ಒಬ್ಬ ಹುಡುಗ ಇದ್ದೇ ಇರುತ್ತಾನೆ. ಎಲ್ಲರಿಗಿಂತ ಜೋರಾಗಿ ಸೀಟಿ ಹೊಡೆಯುವವನೇ ಅವನಾಗಿರಬಹುದು. ನೀ ಯಾರ ಕಡೆಯವ ಎಂದು ಕೇಳುವ ಮೊದಲು, ಪಕ್ಕಕ್ಕೆ ಸರಿದು ಸ್ವಲ್ಪ ಜಾಗ ಮಾಡಿಕೊಡಿ. ಒಂದು ಚಹಾ ಹೇಳಿ. ಪಾರಿವಾಳದ ಸೀನು ನೋಡಿ ಅತ್ತವನು ಅವನೊಬ್ಬನೇ ಅಲ್ಲವೆಂದು ಆಗಲಾದರೂ ಗೊತ್ತಾದೀತು.

ನಾನೂ ಅತ್ತಿದ್ದೆ. ಇವತ್ತಿಗೂ ಯಾರಿಗೂ ಹೇಳಿರಲಿಲ್ಲ.